ಡೋವರಿನ ಫೈಂಡ್ ಅಂಡ್ ರೀಪ್ಲೇಸ್

ಆಫೀಸಿನಲ್ಲಿ ಕೆಲಸ ಮಾಡೋ ನಾವೆಲ್ಲ ಒಂದಲ್ಲ ಒಂದು ಸಲ ಈ ತಪ್ಪು ಮಾಡಿರ್ತೀವಿ. ಹಳೇ ಕ್ಲೈಂಟಿಗೆ ಕಳಿಸಿದ್ದ ಪ್ರೊಪೋಸಲ್ಲನ್ನೇ ಹೊಸ ಕ್ಲೈಂಟಿಗೂ ಕಳಿಸೋಣ ಅಂತ ಫೈಲ್ ತೆಗೀತೀವಿ. ಫೈಂಡ್ ಅಂಡ್ ರೀಪ್ಲೇಸ್ ಹಾಕಿ ಕಂಪನಿ ಹೆಸರನ್ನು ಬದಲಾಯಿಸ್ತೀವಿ. ಸೆಂಡ್ ಒತ್ತಿದ ಮೇಲೆ ನೋಡಿದ್ರೆ ಹದಿನೇಳನೇ ಪುಟದಲ್ಲಿ ಹಳೇ ಹೆಸರಿನ ಬಾಲ ಹೊಸ ಹೆಸರಿಗೆ ಅಂಟಿಕೊಂಡು ನೇತಾಡ್ತಾ ಇರತ್ತೆ. ನಮ್ಮಂಥವರಿಗಾದರೆ ಮ್ಯಾನೇಜರ್ ಹತ್ತಿರ ಬೈಸಿಕೊಳ್ಳೋದರಲ್ಲಿ ಮುಗಿಯತ್ತೆ. ಅಮೆರಿಕದಲ್ಲಿ ಒಂದು ಶಾಲಾ ಪುಸ್ತಕ ಬರೆದವರಿಗೆ ಮಾತ್ರ ಇಂಥದ್ದೇ ಒಂದು ಬಾಲ ಫೆಡರಲ್ ಕೋರ್ಟಿನವರೆಗೂ ಅಂಟಿಕೊಂಡು ಬಂತು.

ಆ ಕತೆಗೆ ಬರುವ ಮೊದಲು ನನ್ನದೊಂದು ತಪ್ಪೊಪ್ಪಿಗೆ. ವಿಜ್ಞಾನದ ಕ್ಲಾಸಿನಲ್ಲಿ ವಿಕಾಸವಾದದ ಜೊತೆಗೆ ದೇವರು ಜಗತ್ತನ್ನು ಸೃಷ್ಟಿಸಿದ ಅನ್ನೋ ವಾದವನ್ನೂ ಹೇಳಿಕೊಡಬೇಕಾ ಅಂತ ಯಾರಾದರೂ ಕೇಳಿದ್ದರೆ, ಬಹಳ ವರ್ಷ ನನ್ನ ಉತ್ತರ 'ಎರಡನ್ನೂ ಹೇಳಿಕೊಡಲಿ ಬಿಡಿ, ಮಕ್ಕಳೇ ತೀರ್ಮಾನ ಮಾಡ್ಕೊಳ್ತಾರೆ' ಅನ್ನೋದೇ ಆಗಿತ್ತು. ಎಷ್ಟು ಸೌಜನ್ಯದ ಉತ್ತರ ನೋಡಿ! ಯಾರಿಗೂ ನೋವಿಲ್ಲ, ಊಟದ ಟೇಬಲ್ಲಿನಲ್ಲಿ ಜಗಳವಿಲ್ಲ. ನನ್ನ ಸ್ವಂತ ಶಾಲೆಯಲ್ಲಂತೂ ಒಂದನ್ನೂ ಹೇಳಿಕೊಟ್ಟಿರಲಿಲ್ಲ. ಡಾರ್ವಿನ್ ಪಾಠ ಬಂದ ದಿನ ನಮ್ಮ ಮೇಷ್ಟ್ರು ಪುಸ್ತಕ ತಿರುವಿ, "ಇದು ಸುಲಭ, ಮನೇಲೇ ಓದ್ಕೊಳ್ಳಿ, ಪ್ರಶ್ನೆ ಗಿಶ್ನೆ ಬೇಡ" ಅಂದು ಮುಂದಿನ ಪಾಠಕ್ಕೆ ಹೋಗಿದ್ದರು. ಹಾಗಾಗಿ 'ಎರಡನ್ನೂ ಹೇಳಿಕೊಡಿ' ಅನ್ನೋದು ನನಗೆ ದೊಡ್ಡ ಔದಾರ್ಯದ ಹಾಗೆ ಕಾಣ್ತಿತ್ತು. ಆ ಅಭಿಪ್ರಾಯ ಬದಲಾಗಿದ್ದು ಈ ಜಗಳದ ಇತಿಹಾಸ ಓದಿದ ಮೇಲೆ.

ಮೊದಲ ಅಂಕ ನಡೆಯೋದು 1925ರಲ್ಲಿ, ಟೆನೆಸ್ಸಿ ರಾಜ್ಯದ ಡೇಟನ್ ಅನ್ನೋ ಪುಟ್ಟ ಊರಲ್ಲಿ. ಆ ವರ್ಷ ಮಾರ್ಚಿನಲ್ಲಿ ಟೆನೆಸ್ಸಿ ಒಂದು ಕಾಯಿದೆ ತಂದಿತ್ತು. ಅದನ್ನು ಮಂಡಿಸಿದ ಶಾಸಕ ಜಾನ್ ಬಟ್ಲರ್ ಒಬ್ಬ ರೈತ. ಮನುಷ್ಯ ಕೆಳಮಟ್ಟದ ಪ್ರಾಣಿಗಳಿಂದ ಬಂದ ಅಂತ ಸರ್ಕಾರಿ ಹಣದ ಶಾಲೆಯಲ್ಲಿ ಪಾಠ ಮಾಡಿದರೆ ಅದು ಅಪರಾಧ. ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು, 'ಈ ಕಾಯಿದೆಯನ್ನು ಪರೀಕ್ಷೆಗೊಡ್ಡಲು ಯಾವ ಮೇಷ್ಟ್ರಾದರೂ ಮುಂದೆ ಬಂದರೆ ಅವರ ಪರ ನಾವು ವಾದಿಸ್ತೀವಿ' ಅಂತ ಪತ್ರಿಕೆಯಲ್ಲಿ ಹಾಕಿತು. ಡೇಟನ್ನಿನ ಔಷಧಿ ಅಂಗಡಿಯಲ್ಲಿ ಕೂತಿದ್ದ ಊರಿನ ಕೆಲವು ಗಣ್ಯರಿಗೆ ಇದರಲ್ಲಿ ಕಂಡಿದ್ದು ಪ್ರಚಾರದ ಅವಕಾಶ. ಇಪ್ಪತ್ತನಾಲ್ಕು ವರ್ಷದ ಫುಟ್‌ಬಾಲ್ ಕೋಚ್ ಜಾನ್ ಸ್ಕೋಪ್ಸ್‌ನನ್ನು ಕರೆಸಿದರು. ಅವನು ಬಯಾಲಜಿ ಮೇಷ್ಟ್ರ ಬದಲಿಗೆ ಕೆಲವು ದಿನ ಪಾಠ ಮಾಡಿದ್ದವನು, ಅಷ್ಟೇ. ತಾನು ವಿಕಾಸವಾದ ಪಾಠ ಮಾಡಿದ್ದೆನೋ ಇಲ್ಲವೋ ಅನ್ನೋದೇ ಅವನಿಗೆ ಸರಿಯಾಗಿ ನೆನಪಿರಲಿಲ್ಲ! ಆದರೆ ಅವನ ಕ್ಲಾಸಿನ ಪುಸ್ತಕ, ಜಾರ್ಜ್ ವಿಲಿಯಂ ಹಂಟರ್ ಬರೆದ 'ಎ ಸಿವಿಕ್ ಬಯಾಲಜಿ'ಯಲ್ಲಿ ವಿಕಾಸವಾದ ಇತ್ತು. ಅದು ರಾಜ್ಯವೇ ಒಪ್ಪಿದ ಪುಸ್ತಕ. ಅಂದರೆ ಒಂದು ಕೈಯಲ್ಲಿ ಸರ್ಕಾರ ಪುಸ್ತಕ ಕೊಟ್ಟಿತ್ತು, ಇನ್ನೊಂದು ಕೈಯಲ್ಲಿ ಅದನ್ನು ಓದಿಸಿದರೆ ದಂಡ ಅಂತಿತ್ತು. ಮಜಾ ಅಂದರೆ, ಮಾತುಕತೆ ನಡೆದ ಆ ಔಷಧಿ ಅಂಗಡಿಯ ಯಜಮಾನರೇ ಊರಿನ ಶಾಲಾ ಮಂಡಳಿಯ ಅಧ್ಯಕ್ಷರು, ಆ ಪುಸ್ತಕ ಮಾರ್ತಿದ್ದವರೂ ಅವರೇ.

ಜುಲೈ ತಿಂಗಳ ಸೆಖೆಯಲ್ಲಿ ಜಾತ್ರೆ ಶುರುವಾಯ್ತು. ಷಿಕಾಗೋದ ರೇಡಿಯೋ ಕೇಂದ್ರ ವಿಚಾರಣೆಯನ್ನು ನೇರ ಪ್ರಸಾರ ಮಾಡಿತು. ತರಬೇತಿ ಕೊಟ್ಟ ಚಿಂಪಾಂಜಿಗಳು ಬೀದಿಗೆ ಬಂದವು. ಸರ್ಕಾರದ ಕಡೆ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತ ಮಹಾ ಮಾತುಗಾರ. ಸ್ಕೋಪ್ಸ್ ಕಡೆ ಕ್ಲಾರೆನ್ಸ್ ಡ್ಯಾರೋ, ದೇಶದ ಹೆಸರಾಂತ ವಕೀಲ. ವಿಜ್ಞಾನಿಗಳು ಜ್ಯೂರಿಯ ಮುಂದೆ ಸಾಕ್ಷಿ ಹೇಳುವಂತಿಲ್ಲ ಅಂತ ನ್ಯಾಯಾಧೀಶರು ಹೇಳಿಬಿಟ್ಟಾಗ, ಡ್ಯಾರೋ ಎದುರಾಳಿ ಬ್ರಯಾನ್‌ರನ್ನೇ ಬೈಬಲ್ ತಜ್ಞ ಅಂತ ಸಾಕ್ಷಿಗೆ ಕರೆದರು. ಕೋರ್ಟಿನ ಹೊರಗೆ, ಹುಲ್ಲಿನ ಮೇಲೆ, ಸುಮಾರು ಎರಡು ಗಂಟೆ ಪಾಟೀಸವಾಲು. ಸೃಷ್ಟಿಯ ಆರು ದಿನಗಳು ಇಪ್ಪತ್ತನಾಲ್ಕು ಗಂಟೆಯ ದಿನಗಳೇ ಆಗಿರಬೇಕಿಲ್ಲ ಅಂತ ಬ್ರಯಾನ್ ಬಾಯಲ್ಲೇ ಬಂತು. ಕೊನೆಗೆ ಡ್ಯಾರೋ ತಾವೇ, 'ನನ್ನ ಕಕ್ಷಿದಾರ ತಪ್ಪಿತಸ್ಥ ಅಂತ ತೀರ್ಪು ಕೊಡಿ, ಮೇಲಿನ ಕೋರ್ಟಿಗೆ ಹೋಗ್ತೀವಿ' ಅಂದರು. ಜ್ಯೂರಿಗೆ ಒಂಬತ್ತು ನಿಮಿಷ ಸಾಕಾಯ್ತು. ನೂರು ಡಾಲರ್ ದಂಡ. ಐದು ದಿನದ ನಂತರ ಬ್ರಯಾನ್ ಅದೇ ಊರಲ್ಲಿ ಮಧ್ಯಾಹ್ನದ ನಿದ್ದೆಯಲ್ಲೇ ತೀರಿಕೊಂಡರು. 1927ರಲ್ಲಿ ಟೆನೆಸ್ಸಿಯ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಯಾಕೆ ಗೊತ್ತಾ? ಐವತ್ತು ಡಾಲರ್ ಮೀರಿದ ದಂಡವನ್ನು ಜ್ಯೂರಿ ಹಾಕಬೇಕಿತ್ತು, ನ್ಯಾಯಾಧೀಶರು ಹಾಕಿದ್ದರು. ಡಾರ್ವಿನ್ನನ ಬಗ್ಗೆ ಯಾರೂ ಏನೂ ತೀರ್ಮಾನ ಮಾಡಲಿಲ್ಲ. ಕಾಯಿದೆ 1967ರವರೆಗೂ ಪುಸ್ತಕದಲ್ಲಿ ಹಾಗೇ ಇತ್ತು.

ಸಿನಿಮಾ ನೋಡಿದವರಿಗೆ ಬ್ರಯಾನ್ ಅಂದರೆ ಒಬ್ಬ ಮಬ್ಬು ಮುದುಕ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಮನುಷ್ಯ ರೈತರ ಪರ, ಕಾರ್ಮಿಕರ ಪರ, ಹೆಂಗಸರ ಮತದಾನದ ಹಕ್ಕಿನ ಪರ ಇದ್ದವರು. 'ಬಲಿಷ್ಠ ಉಳೀತಾನೆ, ದುರ್ಬಲ ಸಾಯ್ತಾನೆ' ಅನ್ನೋ ಪಾಠವೇ ಮೊದಲ ಮಹಾಯುದ್ಧದ ಕ್ರೌರ್ಯಕ್ಕೆ ಕಾರಣ ಅಂತ ನಂಬಿದ್ದರು. ಆ ಭಯ ಪೂರ್ತಿ ಸುಳ್ಳಲ್ಲ. ಎಲ್ಲರೂ ಸಮರ್ಥಿಸಿಕೊಂಡ ಆ 'ಸಿವಿಕ್ ಬಯಾಲಜಿ' ಪುಸ್ತಕದಲ್ಲಿ ಮನುಷ್ಯ ಜನಾಂಗಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿ ಬಿಳಿಯರನ್ನು ತುದಿಯಲ್ಲಿ ಕೂರಿಸಲಾಗಿತ್ತು. 'ಅಯೋಗ್ಯ'ರು ಮಕ್ಕಳು ಹೆರದಂತೆ ತಡೆಯಬೇಕು ಅನ್ನೋ ಯುಜೆನಿಕ್ಸ್ ಕೂಡ ಅದರಲ್ಲಿತ್ತು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಬಲವಂತದ ಸಂತಾನಹರಣಕ್ಕೆ ಒಪ್ಪಿಗೆ ಕೊಟ್ಟಿತು. ಹಾಗಾದರೆ ಆ ಪುಸ್ತಕದಲ್ಲಿದ್ದ ತಪ್ಪನ್ನು ತಿದ್ದಿದ್ದು ಯಾರು? ಜೆನೆಟಿಕ್ಸ್ ಮುಂದುವರಿದ ಹಾಗೆ ಆ ಜನಾಂಗದ ಮೆಟ್ಟಿಲು ಹುರುಳಿಲ್ಲದ್ದು ಅಂತ ವಿಜ್ಞಾನವೇ ತೋರಿಸಿಕೊಟ್ಟಿತು. ಬೈಬಲ್ಲಿನ ಸೃಷ್ಟಿಕತೆಯನ್ನು ಪಕ್ಕದಲ್ಲಿ ಇಟ್ಟಿದ್ದರೆ ಈ ತಿದ್ದುಪಡಿ ಆಗ್ತಿರಲಿಲ್ಲ. ಒಂದು ಪಾಠ ತಪ್ಪಾಗಿದ್ದರೆ ಅದನ್ನು ಸಾಕ್ಷ್ಯದಿಂದ ತಿದ್ದಬೇಕು, ಇನ್ನೊಂದು ನಂಬಿಕೆಯಿಂದ 'ಬ್ಯಾಲೆನ್ಸ್' ಮಾಡಬಾರದು ಅನ್ನೋದು ನನಗೆ ಮೊದಲು ಹೊಳೆದಿದ್ದು ಇಲ್ಲಿ.

ಬ್ರಯಾನ್ ಇನ್ನೊಂದು ಮಾತು ಹೇಳ್ತಿದ್ದರು. ಮೇಷ್ಟ್ರಿಗೆ ಸಂಬಳ ಕೊಡೋದು ತೆರಿಗೆ ಕಟ್ಟೋ ಜನ, ಹಾಗಾಗಿ ಏನು ಪಾಠ ಮಾಡಬೇಕು ಅಂತ ಹೇಳೋ ಹಕ್ಕೂ ಜನರದ್ದೇ. ಕೇಳೋಕೆ ಪ್ರಜಾಪ್ರಭುತ್ವದ ಹಾಗೇ ಇದೆ. 1928ರಲ್ಲಿ ಅರ್ಕಾನ್ಸಾಸ್ ರಾಜ್ಯದ ಜನ ಓಟು ಹಾಕಿಯೇ ವಿಕಾಸವಾದವನ್ನು ನಿಷೇಧಿಸಿದರು. ಅದಕ್ಕಿಂತ ದೊಡ್ಡ ಪರಿಣಾಮ ಸದ್ದಿಲ್ಲದೆ ಆಗಿದ್ದು. ಪ್ರಕಾಶಕರಿಗೆ ಜಗಳ ಬೇಡ, ವ್ಯಾಪಾರ ಬೇಕು. ಹೈಸ್ಕೂಲ್ ಪುಸ್ತಕಗಳಲ್ಲಿ ವಿಕಾಸವಾದ ತೆಳ್ಳಗಾಗ್ತಾ ಹೋಯ್ತು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕಕ್ಕೆ ಎಚ್ಚರವಾಯ್ತು. ಅಯ್ಯೋ, ನಮ್ಮ ಮಕ್ಕಳಿಗೆ ವಿಜ್ಞಾನವೇ ಗೊತ್ತಿಲ್ಲ! ಸರ್ಕಾರಿ ಹಣದಲ್ಲಿ ವಿಜ್ಞಾನಿಗಳೇ ಹೊಸ ಬಯಾಲಜಿ ಪುಸ್ತಕಗಳನ್ನು ಬರೆದರು. ವಿಕಾಸವಾದ ಮತ್ತೆ ಒಳಗೆ ಬಂತು.

ಅರ್ಕಾನ್ಸಾಸಿನ ಲಿಟಲ್ ರಾಕ್ ಊರಿನ ಬಯಾಲಜಿ ಟೀಚರ್ ಸೂಸನ್ ಎಪ್ಪರ್ಸನ್ ಕೈಗೆ ಅಂಥದ್ದೇ ಒಂದು ಹೊಸ ಪುಸ್ತಕ ಬಂತು. ಪಾಠ ಮಾಡಿದರೆ 1928ರ ಕಾಯಿದೆ ಪ್ರಕಾರ ಅಪರಾಧಿ, ಮಾಡದಿದ್ದರೆ ಕೊಟ್ಟ ಪುಸ್ತಕ ಓದಿಸದ ಟೀಚರ್. ಆಕೆ ಕೋರ್ಟಿಗೆ ಹೋದರು. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನು ಹೊಡೆದುಹಾಕಿತು. ಒಂದು ಧರ್ಮದ ಗ್ರಂಥಕ್ಕೆ ಹೊಂದಲ್ಲ ಅನ್ನೋ ಕಾರಣಕ್ಕೆ ಒಂದು ವಿಜ್ಞಾನದ ಪಾಠವನ್ನು ಸರ್ಕಾರ ನಿಷೇಧಿಸುವಂತಿಲ್ಲ, ಅದು ಸಂವಿಧಾನದ ಮೊದಲನೇ ತಿದ್ದುಪಡಿಗೆ ವಿರುದ್ಧ.

ಇಲ್ಲಿಂದ ತಂತ್ರ ಬದಲಾಯ್ತು. ವಿಕಾಸವಾದವನ್ನು ಹೊರಗೆ ಹಾಕೋಕೆ ಆಗಲ್ಲ, ಸರಿ. ಹಾಗಾದರೆ ನಮ್ಮದನ್ನೂ ಒಳಗೆ ಬಿಡಿ. ಬೈಬಲ್ ಹೆಸರು ಎತ್ತದೆ, 'ಸೃಷ್ಟಿ ವಿಜ್ಞಾನ' ಅಂತ ಹೊಸ ಬೋರ್ಡು ಬಂತು. 1981ರಲ್ಲಿ ಅರ್ಕಾನ್ಸಾಸ್ ಮತ್ತು ಲೂಯಿಸಿಯಾನ ರಾಜ್ಯಗಳು 'ಸಮತೋಲಿತ ಬೋಧನೆ' ಕಾಯಿದೆಗಳನ್ನು ತಂದವು. ಎರಡನ್ನೂ ಹೇಳಿಕೊಡಿ! ನನ್ನದೇ ಊಟದ ಟೇಬಲ್ಲಿನ ಉತ್ತರ, ಕಾಯಿದೆಯಾಗಿ.

ಅರ್ಕಾನ್ಸಾಸ್ ಕಾಯಿದೆಯ ವಿರುದ್ಧ ಕೋರ್ಟಿಗೆ ಹೋದವರ ಪಟ್ಟಿ ನೋಡಿ ನಾನು ಬೆಚ್ಚಿಬಿದ್ದೆ. ನಾಸ್ತಿಕರಿರಬೇಕು ಅಂದುಕೊಂಡಿದ್ದೆ. ಮೊದಲ ಹೆಸರೇ ಒಬ್ಬ ಪಾದ್ರಿಯದ್ದು, ರೆವರೆಂಡ್ ಬಿಲ್ ಮೆಕ್ಲೀನ್. ಜೊತೆಗೆ ಮೆಥಡಿಸ್ಟ್, ಎಪಿಸ್ಕೋಪಲ್, ಕ್ಯಾಥೊಲಿಕ್ ಬಿಷಪ್ಪರು, ಯಹೂದಿ ಸಂಘಟನೆಗಳು. ತಮ್ಮ ನಂಬಿಕೆಯನ್ನು ಸರ್ಕಾರ ಬಯಾಲಜಿ ಪುಸ್ತಕದಲ್ಲಿ ಹಾಕಿ ಪರೀಕ್ಷೆಗೆ ಕೂರಿಸೋದು ಅವರಿಗೆ ಬೇಡವಾಗಿತ್ತು. ಇನ್ನೊಂದು ಕಡೆ, ಸರ್ಕಾರದ ಪರ ಸಾಕ್ಷಿ ಹೇಳೋಕೆ ಬಂದವರಲ್ಲಿ ನಮ್ಮ ಪಕ್ಕದ ಶ್ರೀಲಂಕಾ ಮೂಲದ ಖಗೋಳ ವಿಜ್ಞಾನಿ ಚಂದ್ರ ವಿಕ್ರಮಸಿಂಘೆ ಇದ್ದರು. ಜೀವ ಬಾಹ್ಯಾಕಾಶದಿಂದ ಬಂತು ಅನ್ನೋದು ಅವರ ವಾದ. ಡಾರ್ವಿನ್ನನ ವಿರುದ್ಧ ಮಾತಾಡಿದರು, ಸರಿ. ಆದರೆ ಭೂಮಿಗೆ ಹತ್ತು ಲಕ್ಷ ವರ್ಷವೂ ಆಗಿಲ್ಲ ಅಂತ ನಂಬೋ ವಿವೇಕಿ ವಿಜ್ಞಾನಿ ಯಾರೂ ಇಲ್ಲ ಅಂತಲೂ ಹೇಳಿಬಿಟ್ಟರು. ಕರೆದವರ ಮುಖ ಹೇಗಾಗಿರಬೇಡ! 1982ರ ಜನವರಿಯಲ್ಲಿ ನ್ಯಾಯಾಧೀಶ ವಿಲಿಯಂ ಓವರ್ಟನ್ ಆ ಕಾಯಿದೆಯನ್ನು ರದ್ದು ಮಾಡಿದರು. ಲೂಯಿಸಿಯಾನದ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 1987ರ ಜೂನ್ 19ರಂದು ಏಳು-ಎರಡು ಬಹುಮತದಲ್ಲಿ ಬಿತ್ತು. 72 ನೊಬೆಲ್ ವಿಜೇತರು ಒಟ್ಟಾಗಿ ಕೋರ್ಟಿಗೆ ತಮ್ಮ ಅಭಿಪ್ರಾಯ ಸಲ್ಲಿಸಿದ್ದರು. 'ಸೃಷ್ಟಿ ವಿಜ್ಞಾನ' ಅನ್ನೋದು ಧರ್ಮವೇ, ವಿಜ್ಞಾನವಲ್ಲ.

ಈಗ ಬರ್ತಾನೆ ನಮ್ಮ ಫೈಂಡ್ ಅಂಡ್ ರೀಪ್ಲೇಸ್ ಮಹಾಶಯ.

ಟೆಕ್ಸಸ್ಸಿನ ಒಂದು ಸಂಸ್ಥೆ 1980ರ ದಶಕದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸೃಷ್ಟಿವಾದದ ಪುಸ್ತಕ ತಯಾರು ಮಾಡ್ತಿತ್ತು. ತೀರ್ಪು ಬಂದಾಗ ಕರಡು ಕೈಯಲ್ಲೇ ಇತ್ತು. ಪುಸ್ತಕ ಬಿಸಾಕೋಕೆ ಮನಸ್ಸು ಬರಲಿಲ್ಲವೇನೋ. 'ಸೃಷ್ಟಿ' ಅಂತ ಇದ್ದಲ್ಲೆಲ್ಲ 'ಇಂಟೆಲಿಜೆಂಟ್ ಡಿಸೈನ್', ಅಂದರೆ ಯಾರೋ ಬುದ್ಧಿವಂತ ವಿನ್ಯಾಸಕ ಮಾಡಿದ ವಿನ್ಯಾಸ, ಅಂತ ಬಂತು. 'ಕ್ರಿಯೇಷನಿಸ್ಟ್ಸ್' ಇದ್ದಲ್ಲಿ 'ಡಿಸೈನ್ ಪ್ರೊಪೊನೆಂಟ್ಸ್' ಬಂತು. ವಾಕ್ಯಗಳು ಹೆಚ್ಚುಕಡಿಮೆ ಹಾಗೇ ಉಳಿದವು. 1989ರಲ್ಲಿ 'ಆಫ್ ಪಾಂಡಾಸ್ ಅಂಡ್ ಪೀಪಲ್' ಅನ್ನೋ ಮುದ್ದಾದ ಹೆಸರಲ್ಲಿ ಪುಸ್ತಕ ಹೊರಬಂತು. ಆ ಕರಡುಗಳು ಹದಿನಾರು ವರ್ಷದ ನಂತರ ಕೋರ್ಟಿನ ಬೆಳಕು ನೋಡ್ತವೆ ಅಂತ ಅವರಿಗೆ ಗೊತ್ತಿರಲಿಲ್ಲ.

ಡೋವರ್ ಅನ್ನೋದು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರು. ಅಲ್ಲಿನ ಶಾಲಾ ಮಂಡಳಿ 2004ರ ಅಕ್ಟೋಬರಿನಲ್ಲಿ ಆರು-ಮೂರು ಮತದಿಂದ ಒಂದು ನಿರ್ಣಯ ಮಾಡಿತು. ಒಂಬತ್ತನೇ ಕ್ಲಾಸಿನ ಬಯಾಲಜಿ ಶುರುವಾಗುವ ಮೊದಲು ಮಕ್ಕಳಿಗೆ ಒಂದು ಹೇಳಿಕೆ ಓದಬೇಕು. ಡಾರ್ವಿನ್ನನದು ಬರೀ ಒಂದು ಸಿದ್ಧಾಂತ, ಅದರಲ್ಲಿ ಖಾಲಿ ಜಾಗಗಳಿವೆ, ಇಂಟೆಲಿಜೆಂಟ್ ಡಿಸೈನ್ ಅನ್ನೋ ಇನ್ನೊಂದು ವಿವರಣೆ ಇದೆ, ಆಸಕ್ತಿ ಇದ್ದವರಿಗೆ 'ಪಾಂಡಾಸ್' ಪುಸ್ತಕ ಸಿಗತ್ತೆ, ತೆರೆದ ಮನಸ್ಸಿನಿಂದ ಇರಿ. ಸಾರಾಂಶ ಇಷ್ಟೇ. ಒಂದು ನಿಮಿಷದ ಮಾತು. ಇದರಲ್ಲಿ ತಪ್ಪೇನಿದೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ.

ವಿಜ್ಞಾನದ ಟೀಚರುಗಳು ಓದಲ್ಲ ಅಂದರು. ವಿಷಯವನ್ನು ಗೊತ್ತಿದ್ದೂ ತಪ್ಪಾಗಿ ಹೇಳಬಾರದು ಅನ್ನೋ ತಮ್ಮ ವೃತ್ತಿಸಂಹಿತೆಯನ್ನು ತೋರಿಸಿ, ಇದನ್ನು ಓದಿದರೆ ನಾವು ಮಕ್ಕಳಿಗೆ ಮೋಸ ಮಾಡಿದ ಹಾಗೆ ಅಂತ ಬರೆದುಕೊಟ್ಟರು. ಕೊನೆಗೆ 2005ರ ಜನವರಿಯಲ್ಲಿ ಆಡಳಿತದವರೇ ಕ್ಲಾಸಿಗೆ ಬಂದು ಓದಿ ಹೋದರು. ಓದಿದ ಮೇಲೆ ಚರ್ಚೆ ಇಲ್ಲ, ಪ್ರಶ್ನೆ ಕೇಳುವಂತಿಲ್ಲ. ಜೀವದ ಮೂಲದ ಬಗ್ಗೆ ಮಾತು ಏನಿದ್ದರೂ ಮನೆಯಲ್ಲಿ ಅಪ್ಪ ಅಮ್ಮನ ಜೊತೆ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಮೇಷ್ಟ್ರು. 'ಪ್ರಶ್ನೆ ಗಿಶ್ನೆ ಬೇಡ.' ತೆರೆದ ಮನಸ್ಸಿನಿಂದ ಇರಿ ಅಂತ ಹೇಳಿ, ಆಮೇಲೆ ಬಾಯಿ ಮುಚ್ಚಿ ಅನ್ನೋದು ಎಂಥ ಪಾಠ? ನ್ಯೂಟನ್ ಬಗ್ಗೆ, ಅಣುವಿನ ಬಗ್ಗೆ, ಬೇರೆ ಯಾವ ಪಾಠಕ್ಕೂ ಇಂಥ ಎಚ್ಚರಿಕೆ ಚೀಟಿ ಇರಲಿಲ್ಲ. ಒಂದೇ ಒಂದು ಪಾಠಕ್ಕೆ ಚೀಟಿ ಅಂಟಿಸಿದರೆ ಹದಿನಾಲ್ಕು ವರ್ಷದ ಹುಡುಗಿಗೆ ಅರ್ಥವಾಗೋದು ಇಷ್ಟೇ: ಇದನ್ನು ಪರೀಕ್ಷೆಗೆ ಬರಿ, ನಂಬಬೇಡ.

ಹನ್ನೊಂದು ಜನ ತಂದೆತಾಯಿಗಳು ಕೇಸು ಹಾಕಿದರು. ಕಿಟ್ಸ್‌ಮಿಲ್ಲರ್ ವಿರುದ್ಧ ಡೋವರ್ ಅಂತ ಅದು ಹೆಸರಾಯ್ತು. 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ಹ್ಯಾರಿಸ್‌ಬರ್ಗಿನಲ್ಲಿ ವಿಚಾರಣೆ. ನ್ಯಾಯಾಧೀಶ ಜಾನ್ ಜೋನ್ಸ್ ರಿಪಬ್ಲಿಕನ್ ಪಕ್ಷದವರು, ಜಾರ್ಜ್ ಬುಷ್ ನೇಮಿಸಿದವರು. ಡೇಟನ್ನಿನಲ್ಲಿ ವಿಜ್ಞಾನಿಗಳಿಗೆ ಸಿಗದ ಅವಕಾಶ ಇಲ್ಲಿ ಸಿಕ್ಕಿತು. ಆರು ವಾರ ಕೋರ್ಟೇ ಒಂದು ಕ್ಲಾಸ್‌ರೂಮ್ ಆಗಿತ್ತು.

ಮೊದಲ ಸಾಕ್ಷಿ ಕೆನೆತ್ ಮಿಲ್ಲರ್. ಡೋವರಿನ ಮಕ್ಕಳು ಓದ್ತಿದ್ದ ಬಯಾಲಜಿ ಪುಸ್ತಕದ ಲೇಖಕರಲ್ಲೊಬ್ಬರು, ಜೊತೆಗೆ ಚರ್ಚಿಗೆ ಹೋಗೋ ಕ್ಯಾಥೊಲಿಕ್. ಅವರು ಕೊಟ್ಟ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. ಚಿಂಪಾಂಜಿ, ಗೊರಿಲ್ಲಾಗಳಿಗೆ 24 ಜೊತೆ ಕ್ರೋಮೋಸೋಮ್. ನಮಗೆ 23. ನಮಗೂ ಅವಕ್ಕೂ ಒಂದೇ ಪೂರ್ವಜ ಅನ್ನೋದು ನಿಜವಾದರೆ ಒಂದು ಜೊತೆ ಎಲ್ಲಿ ಹೋಯ್ತು? ಪೂರ್ತಿ ಕಳೆದುಹೋಗಿದ್ದರೆ ಜೀವವೇ ಉಳಿಯಲ್ಲ. ಅಂದರೆ ಎರಡು ಕ್ರೋಮೋಸೋಮುಗಳು ಸೇರಿ ಒಂದಾಗಿರಬೇಕು. ಹಾಗಿದ್ದರೆ ಗುರುತು ಸಿಗಬೇಕು. ಕ್ರೋಮೋಸೋಮಿನ ತುದಿಯಲ್ಲಿ ಟೆಲೊಮಿಯರ್ ಅಂತ ಇರತ್ತೆ, ಶೂ ಲೇಸಿನ ತುದಿಯ ಪ್ಲಾಸ್ಟಿಕ್ ಇದ್ದ ಹಾಗೆ. ಸೇರಿಕೊಂಡ ಕ್ರೋಮೋಸೋಮಿನಲ್ಲಿ ಅದು ಮಧ್ಯದಲ್ಲೂ ಸಿಗಬೇಕು. ಹುಡುಕಿದರೆ ಸಿಕ್ಕಿತು, ನಮ್ಮ ಎರಡನೇ ಕ್ರೋಮೋಸೋಮಿನ ಮಧ್ಯದಲ್ಲಿ. ಸಿಗದೇ ಇದ್ದಿದ್ದರೆ ವಿಕಾಸವಾದಕ್ಕೆ ದೊಡ್ಡ ಪೆಟ್ಟು. ಒಂದು ಮಾತು ಹೇಳಿ, ಅದು ಸುಳ್ಳಾಗೋ ಅಪಾಯಕ್ಕೆ ತಲೆ ಕೊಟ್ಟು, ಆಮೇಲೆ ಹೋಗಿ ನೋಡೋದು. ವಿಜ್ಞಾನದ ಕ್ಲಾಸು ಇರೋದು ಈ ಅಭ್ಯಾಸ ಕಲಿಸೋಕೆ. 'ವಿನ್ಯಾಸಕ ಹಾಗೆ ಮಾಡಿದ' ಅನ್ನೋ ಉತ್ತರ 24 ಇದ್ದರೂ ಸರಿ, 23 ಇದ್ದರೂ ಸರಿ, ಟೆಲೊಮಿಯರ್ ಸಿಕ್ಕರೂ ಸರಿ, ಸಿಗದಿದ್ದರೂ ಸರಿ. ಯಾವತ್ತೂ ಸೋಲದ ಉತ್ತರ ಅದು. ಅದಕ್ಕೇ ಅದರಿಂದ ಏನೂ ಕಲಿಯೋಕೆ ಆಗಲ್ಲ.

ಇಂಟೆಲಿಜೆಂಟ್ ಡಿಸೈನ್ ಪರ ಬಂದವರಲ್ಲಿ ಮುಖ್ಯರು ಜೀವರಸಾಯನ ವಿಜ್ಞಾನಿ ಮೈಕಲ್ ಬೀಹಿ. ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯ್ತು ಅನ್ನೋದಕ್ಕೆ ವಿಜ್ಞಾನದ ಹತ್ತಿರ ಉತ್ತರವಿಲ್ಲ ಅನ್ನೋದು ಅವರ ವಾದವಾಗಿತ್ತು. ಎದುರು ವಕೀಲರು ಅದೇ ವಿಷಯದ ಮೇಲಿನ 58 ಸಂಶೋಧನಾ ಲೇಖನಗಳು, ಒಂಬತ್ತು ಪುಸ್ತಕಗಳನ್ನು ಮುಂದಿಟ್ಟರು. ಇವು ಸಾಲದು ಅಂದರು ಬೀಹಿ. ವಿಜ್ಞಾನದ ಸಿದ್ಧಾಂತ ಅಂದರೆ ಏನು ಅನ್ನೋದಕ್ಕೆ ಅವರದ್ದೇ ಒಂದು ವ್ಯಾಖ್ಯೆ ಇತ್ತು. ಆ ವ್ಯಾಖ್ಯೆ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತ ಆಗತ್ತಲ್ಲವಾ ಅಂತ ವಕೀಲರು ಕೇಳಿದರು. ಹೌದು, ಆಗತ್ತೆ ಅಂತ ಒಪ್ಪಿಕೊಂಡರು.

ಅಮೆರಿಕದ ಪತ್ರಿಕೆಗಳಿಗೆ ಅದು ಜೋಕು. ನನಗೆ ನಗು ಬರಲಿಲ್ಲ. 2001ರಲ್ಲಿ ನಮ್ಮ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ 'ಜ್ಯೋತಿರ್ವಿಜ್ಞಾನ' ಕೋರ್ಸು ಶುರು ಮಾಡೋ ತೀರ್ಮಾನ ಮಾಡಿತ್ತು. ಹೈದರಾಬಾದಿನ ವಿಜ್ಞಾನಿ ಪಿ.ಎಂ. ಭಾರ್ಗವ ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದರು. ಇದು ತಜ್ಞ ಸಂಸ್ಥೆಗಳು ನಿರ್ಧರಿಸಬೇಕಾದ ವಿಷಯ ಅಂತ ಹೇಳಿ ಕೋರ್ಟ್ 2004ರಲ್ಲಿ ಅರ್ಜಿ ತಳ್ಳಿಹಾಕಿತು. ಡೋವರಿನಲ್ಲಿ ಜ್ಯೋತಿಷ್ಯದ ಹೆಸರು ಕೇಳಿ ಜನ ನಕ್ಕಿದ್ದು ಅದಾದ ಸುಮಾರು ಒಂದೂವರೆ ವರ್ಷಕ್ಕೆ.

ಇನ್ನು ಕರಡುಗಳು. ತತ್ವಶಾಸ್ತ್ರದ ಪ್ರೊಫೆಸರ್ ಬಾರ್ಬರಾ ಫಾರೆಸ್ಟ್ 'ಪಾಂಡಾಸ್'ನ ಹಳೇ ಕರಡುಗಳನ್ನು ಸಾಲಾಗಿ ಇಟ್ಟು ಹೋಲಿಸಿ ತೋರಿಸಿದರು. 1987ರ ತೀರ್ಪಿನ ಸಮಯದಲ್ಲೇ ಪದಗಳು ಅದಲುಬದಲಾಗಿವೆ, ಸುಮಾರು 150 ಕಡೆ. 'ಸೃಷ್ಟಿ'ಗೆ ಕೊಟ್ಟಿದ್ದ ವ್ಯಾಖ್ಯೆಯೇ 'ಇಂಟೆಲಿಜೆಂಟ್ ಡಿಸೈನ್'ಗೂ ಬಂದಿದೆ. ಒಂದು ಕರಡಿನಲ್ಲಂತೂ ಅವಸರದಲ್ಲಿ ಹಳೇ ಪದ ಪೂರ್ತಿ ಅಳಿಸದೆ ಹೊಸ ಪದ ಅದರ ಹೊಟ್ಟೆಯೊಳಗೆ ಸೇರಿಕೊಂಡಿತ್ತು: 'ಸಿಡಿಸೈನ್ ಪ್ರೊಪೊನೆಂಟ್‌ಸಿಸ್ಟ್ಸ್'. ಮುಂದೆ ಕ್ರಿಯೇಷನಿಸ್ಟಿನ 'ಸಿ', ಹಿಂದೆ ಅದರದ್ದೇ ಬಾಲ. ಮಂಗನಿಗೂ ಮನುಷ್ಯನಿಗೂ ನಡುವಿನ ಕೊಂಡಿ ಎಲ್ಲಿ ಅಂತ ಕೇಳ್ತಿದ್ದವರ ಪುಸ್ತಕದಲ್ಲೇ ಒಂದು ಮಧ್ಯಂತರ ಜೀವಿ ಸಿಕ್ಕಂತಾಯ್ತು.

ಶಾಲೆಗೆ ಬಂದ 'ಪಾಂಡಾಸ್' ಪ್ರತಿಗಳ ಕತೆ ಇನ್ನೂ ಬೇಸರದ್ದು. ಅವುಗಳಿಗೆ ಹಣ ಎಲ್ಲಿಂದ ಬಂತು ಅಂತ ಕೇಳಿದಾಗ ಮಂಡಳಿಯ ಸದಸ್ಯರು ಪ್ರಮಾಣ ಮಾಡಿ ಗೊತ್ತಿಲ್ಲ ಅಂದಿದ್ದರು. ಒಬ್ಬ ಸದಸ್ಯರು ತಮ್ಮ ಚರ್ಚಿನಲ್ಲಿ ಚಂದಾ ಎತ್ತಿ 850 ಡಾಲರಿನ ಚೆಕ್ ಬರೆದಿದ್ದು ಆಮೇಲೆ ಗೊತ್ತಾಯ್ತು. ಧರ್ಮದ ಹೆಸರಲ್ಲಿ ಹೊರಟವರು ಬೈಬಲ್ ಮುಟ್ಟಿ ಸುಳ್ಳು ಹೇಳೋ ಸ್ಥಿತಿಗೆ ಬಂದಿದ್ದರು. ತೀರ್ಪಿನಲ್ಲಿ ನ್ಯಾಯಾಧೀಶರು ಈ ವ್ಯಂಗ್ಯವನ್ನು ಎತ್ತಿ ತೋರಿಸದೆ ಬಿಡಲಿಲ್ಲ.

2005ರ ಡಿಸೆಂಬರ್ 20ರಂದು 139 ಪುಟದ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ವೇಷ ಬದಲಿಸಿದ ಸೃಷ್ಟಿವಾದ, ಸಾರ್ವಜನಿಕ ಶಾಲೆಯ ವಿಜ್ಞಾನದ ಕ್ಲಾಸಿನಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕೂ ಮೊದಲೇ, ನವೆಂಬರಿನಲ್ಲಿ, ಊರಿನ ಜನ ಚುನಾವಣೆಯಲ್ಲಿ ನಿಂತಿದ್ದ ಹಳೇ ಮಂಡಳಿಯ ಎಂಟೂ ಸದಸ್ಯರನ್ನು ಸೋಲಿಸಿದ್ದರು. ಹೊಸ ಮಂಡಳಿ ಮೇಲ್ಮನವಿಗೆ ಹೋಗಲಿಲ್ಲ. ಎದುರು ಪಕ್ಷದ ಖರ್ಚಿಗೆ ಶಾಲೆ ಕಟ್ಟಬೇಕಾಗಿ ಬಂದಿದ್ದು ಹತ್ತು ಲಕ್ಷ ಡಾಲರಿಗೂ ತುಸು ಹೆಚ್ಚು. ಒಂದು ನಿಮಿಷದ ಹೇಳಿಕೆಯ ಬೆಲೆ. ನ್ಯಾಯಾಧೀಶರಿಗೆ ಕೊಲೆ ಬೆದರಿಕೆ ಬಂದು ಮನೆಗೆ ಕಾವಲು ಹಾಕಬೇಕಾಯ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನೂ ಮುಗಿಸ್ತಿದ್ದೆ. ಆದರೆ ಮೇಲ್ಮನವಿ ಇಲ್ಲದ ಕಾರಣ ಆ ತೀರ್ಪು ಪೆನ್ಸಿಲ್ವೇನಿಯಾದ ಒಂದು ಭಾಗಕ್ಕಷ್ಟೇ ಕಡ್ಡಾಯ. ಧರ್ಮ ಮತ್ತು ಸರ್ಕಾರದ ನಡುವಿನ ಗೆರೆ ಅಳೆಯೋಕೆ ಇಂಥ ಕೇಸುಗಳಲ್ಲಿ ಬಳಸ್ತಿದ್ದ 'ಲೆಮನ್ ಪರೀಕ್ಷೆ'ಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ಕೈಬಿಟ್ಟಿದೆ. 2024ರಲ್ಲಿ ಪಶ್ಚಿಮ ವರ್ಜೀನಿಯಾ ಒಂದು ಕಾಯಿದೆ ಮಾಡಿತು. ವಿಶ್ವ ಮತ್ತು ಜೀವ ಹೇಗೆ ಬಂದವು ಅನ್ನೋ 'ವೈಜ್ಞಾನಿಕ ಸಿದ್ಧಾಂತ'ಗಳ ಬಗ್ಗೆ ಮಕ್ಕಳು ಕೇಳಿದರೆ ಟೀಚರ್ ಮಾತಾಡೋದನ್ನು ತಡೆಯುವಂತಿಲ್ಲ. ಮಸೂದೆಯ ಮೊದಲ ರೂಪದಲ್ಲಿ 'ಇಂಟೆಲಿಜೆಂಟ್ ಡಿಸೈನ್' ಅಂತಲೇ ಇತ್ತು, ಆಮೇಲೆ ಆ ಪದ ತೆಗೆದರು. ಮತ್ತೆ ಫೈಂಡ್ ಅಂಡ್ ರೀಪ್ಲೇಸ್. ಈ ಸಲ ಬಾಲ ಉಳಿಯದ ಹಾಗೆ, ಹುಷಾರಾಗಿ.

ಇನ್ನು ನಮ್ಮ ಕಡೆ. 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾಗಿದ್ದನ್ನು ಯಾರೂ ನೋಡಿಲ್ಲ, ಪಠ್ಯ ಬದಲಾಗಬೇಕು ಅಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಅದನ್ನು ಅಲ್ಲಗಳೆದವು. ಗದ್ದಲವಾಯ್ತು, ಮರೆತೆವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ 'ಅನುವಂಶೀಯತೆ ಮತ್ತು ವಿಕಾಸ' ಪಾಠ ಬರೀ 'ಅನುವಂಶೀಯತೆ' ಆಗಿ ಹೊರಬಂತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸೋಕೆ ಹೀಗೆ ಮಾಡಿದ್ದು, ಹನ್ನೆರಡನೇ ಕ್ಲಾಸಿನಲ್ಲಿ ವಿಕಾಸದ ಪಾಠ ಇದ್ದೇ ಇದೆ ಅನ್ನೋದು ಅವರ ವಿವರಣೆ. ಪೀರಿಯಾಡಿಕ್ ಟೇಬಲ್ ಕೂಡ ಅದೇ ಸಲ ಹತ್ತನೇ ಕ್ಲಾಸಿನಿಂದ ಹೋಗಿದ್ದರಿಂದ, ಇದರ ಹಿಂದೆ ಧರ್ಮವೇ ಇತ್ತು ಅಂತ ನಾನು ಹೇಳಲ್ಲ. ಆದರೆ ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಅಥವಾ ಬಯಾಲಜಿ ಇಲ್ಲದ ಸೈನ್ಸ್ ತಗೊಳ್ಳೋ ಮಕ್ಕಳಿಗೆ, ತಾನು ಎಲ್ಲಿಂದ ಬಂದೆ ಅನ್ನೋದಕ್ಕೆ ವಿಜ್ಞಾನ ಕೊಡೋ ಉತ್ತರ ಶಾಲೆಯಲ್ಲಿ ಸಿಗೋ ಕೊನೇ ಅವಕಾಶ ಹತ್ತನೇ ಕ್ಲಾಸೇ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬರೆದ ಬಹಿರಂಗ ಪತ್ರದ ಆತಂಕವೂ ವಿಕಾಸವಾದ ಗೊತ್ತಿಲ್ಲದೆ ಬೆಳೆಯೋ ಈ ಮಕ್ಕಳ ಬಗ್ಗೆಯೇ ಆಗಿತ್ತು.

'ನಮಗೆ ಈ ಜಗಳವೇ ಇಲ್ಲ, ಮತ್ಸ್ಯ ಕೂರ್ಮ ವರಾಹ ಅಂತ ದಶಾವತಾರದಲ್ಲೇ ವಿಕಾಸವಾದ ಇದೆಯಲ್ಲ' ಅಂತ ನಮ್ಮ ಮನೆಯಲ್ಲೇ ಹೇಳೋದುಂಟು. ದಶಾವತಾರದ ಕತೆ ನನಗೆ ಇಷ್ಟ, ಹರಿಕತೆಯಲ್ಲಿ ಕೇಳಿದ್ದೀನಿ, ನನ್ನ ಮಗಳಿಗೂ ಹೇಳ್ತೀನಿ. ಆದರೆ ಅದರಿಂದ ಟೆಲೊಮಿಯರ್ ಎಲ್ಲಿ ಸಿಗಬೇಕು ಅಂತ ಲೆಕ್ಕ ಹಾಕೋಕೆ ಆಗಲ್ಲ. ಹಾಕಬೇಕು ಅಂತ ಕೇಳೋದು ಕತೆಗೂ ಅವಮಾನ. ಅರ್ಕಾನ್ಸಾಸಿನ ಆ ಪಾದ್ರಿಗಳಿಗೆ ಅರ್ಥವಾಗಿದ್ದು ಇದೇ ಅನ್ಸತ್ತೆ.

ಹಾಗಾಗಿ ನನ್ನ ಉತ್ತರ ಈಗ ಬೇರೆ. ಸೃಷ್ಟಿಕತೆಗಳನ್ನು ಶಾಲೆಯಲ್ಲಿ ಖಂಡಿತ ಓದಿಸಲಿ, ಸಾಹಿತ್ಯದಲ್ಲಿ, ಇತಿಹಾಸದಲ್ಲಿ, ಬೈಬಲ್ಲಿನದ್ದೂ ಇರಲಿ, ನಮ್ಮದೂ ಇರಲಿ. ವಿಜ್ಞಾನದ ಕ್ಲಾಸಿಗೆ ಬೇಡ. ಅಲ್ಲಿ ತೆರೆದ ಮನಸ್ಸು ಅಂದರೆ ಪ್ರಶ್ನೆ ಕೇಳೋಕೆ ಬಿಡೋದು, ಉತ್ತರ ತಪ್ಪಾಗಬಹುದು ಅಂತ ಒಪ್ಪೋದು. ಜನರ ಓಟಿನಿಂದ ಮಂಡಳಿ ಬದಲಾಗಬಹುದು, ಡೋವರಿನಲ್ಲಿ ಬದಲಾಯ್ತು ಕೂಡ. ಕ್ರೋಮೋಸೋಮ್ ಬದಲಾಗಲ್ಲ.

ನನ್ನ ಮಗಳು ಇನ್ನು ಕೆಲವು ವರ್ಷಕ್ಕೆ ಹತ್ತನೇ ಕ್ಲಾಸಿಗೆ ಬರ್ತಾಳೆ. ಮೊನ್ನೆ ಹಳೇ ಪುಸ್ತಕದ ಅಂಗಡಿಯಲ್ಲಿ ವಿಕಾಸದ ಪಾಠ ಇರೋ ಹಳೇ ವಿಜ್ಞಾನ ಪುಸ್ತಕ ಸಿಕ್ತು, ನಲವತ್ತು ರೂಪಾಯಿಗೆ. ತಂದು ಇಟ್ಟಿದ್ದೀನಿ. ಅವಳ ಟೀಚರ್ 'ಮನೇಲೇ ಓದ್ಕೊಳ್ಳಿ' ಅನ್ನೋದಕ್ಕೂ ಪುಸ್ತಕದಲ್ಲಿ ಪಾಠ ಬೇಕಲ್ಲ.